ಮೂರನೇ ತೂತಿನ ಹಿಂದೆ

ಹೆಬ್ಬೆರಳಿನ ಸುಟ್ಟ ಗುರುತಿನಲ್ಲಿ ಗೆರೆಗಳಿದ್ದವು.

ಫೋಟೋವನ್ನು ಠಾಣೆಯ ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ಮತ್ತೊಮ್ಮೆ ನೋಡಿದೆ. ಒಂದರ ಪಕ್ಕ ಒಂದು, ಬಾಚಣಿಗೆಯ ಹಲ್ಲುಗಳಂತೆ ನೇರವಾದ ಸಣ್ಣ ಗೆರೆಗಳು. ತೋರುಬೆರಳಿನ ಒಳಬದಿಯಲ್ಲೂ ಅವೇ ಇದ್ದವು. ಎಡ ಅಂಗೈಯ ಗುರುತು ಬೇರೆ ಥರದ್ದು, ಕಿಟಕಿಯ ಕಬ್ಬಿಣದ ಸರಳಿನಷ್ಟು ಅಗಲ. ಅದರ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಯೂ ಛೆಂಗ್‌ಝೆ ತೈನಾನಿನ ಒಂದು ತಾಂತ್ರಿಕ ಕಾಲೇಜಿನ ಕೊನೆಯ ವರ್ಷದ ವಿದ್ಯಾರ್ಥಿ. ಪ್ರಾಜೆಕ್ಟಿಗೆಂದು ತಾನೇ ಕಟ್ಟಿದ ಪವರ್ ಸಪ್ಲೈಯ ಪಕ್ಕದಲ್ಲಿ ಶಾಕ್ ಹೊಡೆದು ಸತ್ತಿದ್ದ. ಪ್ಲಗ್ ಕೀಳದೆ, ಮುಚ್ಚಳ ತೆಗೆದ ಪೆಟ್ಟಿಗೆಯೊಳಗೆ ಬಲಗೈ ಹಾಕಿದ, ಟ್ರಾನ್ಸ್‌ಫಾರ್ಮರಿನ ತಂತಿ ಮುಟ್ಟಿದ, ಎಡಗೈ ಕಿಟಕಿಯ ಸರಳಿನ ಮೇಲಿತ್ತು. ಸ್ವಂತ ಅಜಾಗರೂಕತೆ. ಕಾಲೇಜಿನವರು ಹಾಗೆಂದಿದ್ದರು, ನಮ್ಮ ಸಾಹೇಬರು ಒಪ್ಪಿದ್ದರು. ಸಂಜೆಯೊಳಗೆ ನಾನು ಸಹಿ ಹಾಕಿದರೆ ಕಡತ ಮುಚ್ಚುತ್ತಿತ್ತು.

ಬೆಳಿಗ್ಗೆ ಹುಡುಗನ ತಂದೆ ತಾಯಿ ಬಂದಿದ್ದರು. ತಾಯಿ ಮಾರುಕಟ್ಟೆಯ ಮೂಲೆಯಲ್ಲಿ ಹೂಮೀನಿನ ಗಂಜಿ ಮಾರುವವಳು, ತಂದೆ ಮನೆ ಮನೆಗೆ ವಯರಿಂಗ್ ಮಾಡುವವನು. ಅವನು ಹೆಲ್ಮೆಟನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ, ಬಾಯಿ ತೆರೆಯಲಿಲ್ಲ. ಮಾತೆಲ್ಲ ಅವಳದೇ.

"ಝುವೊ ಮೇಡಂ, ನಾಳೆ ಏಳನೇ ದಿನ, ಸತ್ತವರು ಒಂದ್ಸಲ ಮನೆಗೆ ಬಂದು ಹೋಗೋ ದಿನ. ನಮ್ಮ ಆ-ಝೆ ಮನೆಗೆ ಬರ್ತಾನೆ. ಗಂಜಿ ಮಾಡಿಡ್ತೀನಿ, ಬಾಗಿಲು ತೆಗೆದಿಡ್ತೀನಿ. ಬಂದವನಿಗೆ ಏನ್ ಹೇಳ್ಲಿ?"

ಆ-ಝೆ ಎಂದರೆ ಛೆಂಗ್‌ಝೆ, ಮನೆಯಲ್ಲಿ ಕರೆಯುವ ಹೆಸರು.

"ನಿನ್ ತಪ್ಪಿಂದಾನೇ ನೀನು ಸತ್ತೆ ಕಣೋ, ಹೋಗಿ ಬಾ ಅಂತ ಹೇಳ್ಲಾ? ಹೆತ್ತವಳು ಕೊನೇದಾಗಿ ಆಡೋ ಮಾತಾ ಅದು? ವಯರಿಂಗ್ ಮಾಡೋನ ಮಗ ಅವನು. ಪ್ಲಗ್ ಕೀಳದೆ ಕೈ ಹಾಕ್ದ ಅಂದ್ರೆ ನೀವು ನಂಬ್ತೀರಾ?"

"ಸಂಜೆ ಒಳಗೆ ಹೇಳ್ತೀನಿ ಅಕ್ಕ," ಎಂದೆ.

ಅವಳು ತಲೆಯಾಡಿಸಿ ಎದ್ದಳು. ಗಂಡ ಅವಳ ಹಿಂದೆ ಹೊರಟ. ಹೋಗುವಾಗ ಕೂಡ ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ.

ಪೊಲೀಸ್ ಸೇರುವ ಮುಂಚೆ ನಾನೂ ಇದೇ ಎಲೆಕ್ಟ್ರಿಕಲ್ ವಿದ್ಯೆ ಓದಿದವಳು. ಟ್ರಾನ್ಸ್‌ಫಾರ್ಮರಿನ ತಂತಿ ಮುಟ್ಟಿದ ಬೆರಳಿಗೆ ಬಾಚಣಿಗೆಯ ಗೆರೆ ಬೀಳುವುದಿಲ್ಲ ಎನ್ನುವಷ್ಟು ನನಗೆ ಗೊತ್ತಿತ್ತು.

ಮಧ್ಯಾಹ್ನ ಲ್ಯಾಬಿನ ಬೀಗ ತೆಗೆದೆ. ಛೆಂಗ್‌ಝೆಯ ಜೊತೆಗಾತಿಯನ್ನು ಬರಹೇಳಿದ್ದೆ. ಜಿಯೆನ್ ಎನ್‌ಛಿ. ಇಬ್ಬರೂ ಸೇರಿ ಮಾಡಿದ ಪ್ರಾಜೆಕ್ಟ್ ಅದು. ಅಂದು ಊಟ ತರಲು ಹೋಗಿದ್ದವಳು, ಹಿಂದಿರುಗಿ ಬಂದಾಗ ಅವನನ್ನು ಮೊದಲು ಕಂಡವಳು ಇವಳೇ. ಮುಚ್ಚಳ ತೆರೆದಿತ್ತು ಎಂದು ಹೇಳಿಕೆ ಕೊಟ್ಟವಳೂ ಇವಳೇ.

ಗಿಡ್ಡ ಕೂದಲು, ಬಿಳಿಚಿದ ತುಟಿ. ಬಾಗಿಲಲ್ಲೇ ನಿಂತಳು.

"ಒಳಗೆ ಬಾ. ಕೂತ್ಕೋ."

"ನಿಂತೇ ಇರ್ತೀನಿ ಮೇಡಂ."

ಕಿಟಕಿಯ ಬಳಿಯ ಬೆಂಚಿನ ಮೇಲೆ ಪೆಟ್ಟಿಗೆ ಅಂದು ಇದ್ದಂತೆಯೇ ಇತ್ತು. ಬೂದುಬಣ್ಣದ ತಗಡು. ಒಳಗೆ ದಪ್ಪನೆಯ ಟ್ರಾನ್ಸ್‌ಫಾರ್ಮರ್, ಅದರಿಂದ ಹೊರಟು ಎರಡು ಕವಲಾದ ತಂತಿಗಳು, ಒಂದು ಕಡೆ ಪ್ಲಸ್, ಒಂದು ಕಡೆ ಮೈನಸ್. ಬೆಸುಗೆಗಳೆಲ್ಲ ಅಕ್ಕಿಕಾಳಿನಷ್ಟಕ್ಕೆ ನಿಂತಿದ್ದವು, ಒಂದೂ ಹರಡಿರಲಿಲ್ಲ. ಪ್ರತಿ ಜೋಡಣೆಗೂ ಪುಟ್ಟ ರಬ್ಬರ್ ಕೊಳವೆ ತೊಡಿಸಿತ್ತು. ಹೀಗೆ ಕೆಲಸ ಮಾಡುವವನು ಕರೆಂಟ್ ಇರುವಾಗ ಕೈ ಹಾಕುತ್ತಾನೆಯೇ?

"ಹೊರಗೆ ತಿರುಗಿಸೋ ನಾಬ್ ಎರಡು ಯಾಕೆ?" ಎಂದೆ.

ಅವಳು ಈ ಪ್ರಶ್ನೆ ನಿರೀಕ್ಷಿಸಿರಲಿಲ್ಲ. "ಒಂದು ಪ್ಲಸ್ ಕಡೇದು, ಒಂದು ಮೈನಸ್ ಕಡೇದು. ನಾನು ಒಂದೇ ಸಾಕು, ಎರಡೂ ಒಟ್ಟಿಗೆ ಏರ್ಲಿ, ಒಟ್ಟಿಗೆ ಇಳೀಲಿ ಅಂದೆ. ಅವನು ಕೇಳ್ಲಿಲ್ಲ. ಜೋಡಿ ಎತ್ತು ಅಂತ ಎರಡಕ್ಕೂ ಒಂದೇ ಬಾರುಕೋಲಾ ಅಂದ. ಬೇಕಾದೋರು ಬೇಕಾದಷ್ಟು ತಗೊಳ್ಳಲಿ ಅಂದ."

"ಜಗಳ ಆಡಿದ್ರಾ?"

"ಒಂದು ವಾರ. ಕೊನೆಗೆ ಅವನೇ ಗೆದ್ದ. ಗೆದ್ದಾಗೆಲ್ಲ ಟೀ ಕುಡಿಸ್ತಿದ್ದ. ಅದಕ್ಕೇ ನಾನು ಸೋಲ್ತಿದ್ದೆ."

ನಗಲು ಹೋದಳು, ಆಗಲಿಲ್ಲ.

ಪ್ಲಸ್ ಕಡೆಯ ನಾಬಿಗೆ ಕೆಂಪು ಪ್ಲಾಸ್ಟಿಕ್ ಟೋಪಿ ಇತ್ತು. ಮೈನಸ್ ಕಡೆಯದು ಬರಿಯ ಲೋಹದ ಕಡ್ಡಿ.

"ಇದಕ್ಕೆ ಟೋಪಿ?"

"ನೀಲಿ ಬಣ್ಣದ್ದು ಸಿಗಲಿಲ್ಲ. ಕೆಂಪೇ ಹಾಕು ಅಂದ್ರೆ ಒಪ್ಪಲಿಲ್ಲ. ಎರಡೂ ಕೆಂಪಾದ್ರೆ ಜೂನಿಯರ್‌ಗಳು ತಪ್ಪು ಮಾಡ್ತಾರೆ ಅಂದ."

ಆ ಕಡ್ಡಿಯ ಸುತ್ತ ಹಿಡಿತಕ್ಕೆಂದು ಸಣ್ಣ ಹಲ್ಲುಗಳಿರುತ್ತವೆ. ನಾನು ಹೆಬ್ಬೆರಳನ್ನೂ ತೋರುಬೆರಳನ್ನೂ ಅದಕ್ಕೆ ಒತ್ತಿ, ತೆಗೆದು, ಅವಳ ಮುಂದೆ ಹಿಡಿದೆ. ಚರ್ಮದ ಮೇಲೆ ನೇರವಾದ ಸಣ್ಣ ಗೆರೆಗಳು ಮೂಡಿದ್ದವು. ಪಕ್ಕದಲ್ಲಿ ಫೋಟೋ ಇಟ್ಟೆ.

ಅವಳು ಫೋಟೋ ನೋಡಿದಳು. ನನ್ನ ಬೆರಳು ನೋಡಿದಳು.

"ಅವನು ಒಳಗೆ ಕೈ ಹಾಕಿರಲಿಲ್ಲ ಎನ್‌ಛಿ. ಹೊರಗಿಂದ ಮೈನಸ್ ಕಡೇದನ್ನ ತಿರುಗಿಸ್ತಾ ಇದ್ದ. ಪೆಟ್ಟಿಗೆ ತಗಡಿಗೇ ಕರೆಂಟ್ ಬಂದಿತ್ತು, ಅದರಿಂದ ಈ ಕಡ್ಡಿಗೂ."

"ಮುಚ್ಚಳ ತೆಗೆದೇ ಇತ್ತಲ್ಲ ಮೇಡಂ."

"ಯಾರು ನೋಡಿದ್ದು?"

"ನಾನು."

"ನೀನೊಬ್ಬಳೇ."

ಗೋಡೆಗೆ ಒರಗಿಸಿಟ್ಟ ಮುಚ್ಚಳವನ್ನು ಎತ್ತಿ ಬೆಂಚಿನ ಮೇಲಿಟ್ಟೆ. ಅದರ ನಡುವೆ ತೆಂಗಿನ ರುಚಿಯ ಕುರುಕಲಿನ ಹಸಿರು ಪೊಟ್ಟಣ ಇನ್ನೂ ಟೇಪಿನಲ್ಲಿ ಅಂಟಿಕೊಂಡಿತ್ತು. ನಮ್ಮ ಠಾಣೆಯ ಕಂಪ್ಯೂಟರಿನ ನೆತ್ತಿಯಲ್ಲೂ ಒಂದಿದೆ. ಯಂತ್ರ ಹೇಳಿದ ಮಾತು ಕೇಳಿಕೊಂಡಿರಲಿ ಎಂದು ಇಡುವುದು. ಹಸಿರೇ ಆಗಬೇಕು, ಅವಧಿ ಮೀರಿರಬಾರದು. ಅರ್ಧಂಬರ್ಧ ಕಟ್ಟಿದ ಯಂತ್ರದ ಮೇಲೆ ಯಾರೂ ಇಡುವುದಿಲ್ಲ. ಕೆಲಸ ಮುಗಿದು, ಮುಚ್ಚಳ ಬಿಗಿದ ಮೇಲೆಯೇ ಇಡುವುದು.

"ಇದನ್ನ ಇಟ್ಟಿದ್ದು ಯಾವಾಗ?"

"ಅವತ್ತು ಬೆಳಿಗ್ಗೆ."

"ಅಂದ್ರೆ ಪೆಟ್ಟಿಗೆ ಮುಗಿದಿತ್ತು, ಮುಚ್ಚಿತ್ತು. ಆಮೇಲೆ ಮುಚ್ಚಳ ಬಿಚ್ಚಬೇಕು ಅಂದ್ರೆ ಪೊಟ್ಟಣ ಏನ್ ಮಾಡ್ತೀರಿ ನಿಮ್ಮ ಲ್ಯಾಬಲ್ಲಿ?"

"ಎರಡೂ ಕೈಲಿ ತೆಗೆದು ಪಕ್ಕಕ್ಕಿಡ್ತೀವಿ. ಸ್ವಲ್ಪ ತಡ್ಕೋಪ್ಪ ಅಂತ ಹೇಳಿ..."

ಅವಳ ಕಣ್ಣು ಮುಚ್ಚಳದ ಮೇಲಿನ ಪೊಟ್ಟಣಕ್ಕೆ ಹೋಯಿತು.

"ಛೆಂಗ್‌ಝೆ ಬಿಚ್ಚಿದ್ರೆ ತೆಗೆದಿಡ್ತಿದ್ದ. ಬಿಚ್ಚಿದವರಿಗೆ ಪೊಟ್ಟಣ ಕಾಣೋ ಸ್ಥಿತಿ ಇರಲಿಲ್ಲ. ಮುಚ್ಚಳಕ್ಕೆ ನಾಲ್ಕು ಸ್ಕ್ರೂ ಇರಬೇಕು ಎನ್‌ಛಿ. ಇಲ್ಲಿ ಮೂರಿದೆ."

ಹೊರಗೆ ಕಾರಿಡಾರಿನಲ್ಲಿ ಯಾರೋ ಹುಡುಗರು ನಗುತ್ತ ಹೋದರು. ಆ ಸದ್ದು ಕರಗುವ ತನಕ ಅವಳು ಕದಲಲಿಲ್ಲ. ಆಮೇಲೆ ಜಾಕೆಟ್ಟಿನ ಒಳಜೇಬಿನಿಂದ ಮಡಿಸಿದ ಟಿಶ್ಯೂ ತೆಗೆದು ಬೆಂಚಿನ ಮೇಲೆ ಬಿಡಿಸಿದಳು. ಉಳಿದವುಗಳ ಎರಡರಷ್ಟು ಉದ್ದದ ಸ್ಕ್ರೂ. ತುದಿಯಲ್ಲಿ ತಂತಿಯ ಹೊದಿಕೆಯ ಕಪ್ಪು ಚೂರು ಕಚ್ಚಿಕೊಂಡಿತ್ತು.

"ದಿನಾ ಜೇಬಲ್ಲಿ ಇಟ್ಕೊಂಡೇ ಓಡಾಡ್ತಿದೀನಿ ಅಕ್ಕ. ಎಸೆಯೋಕೆ ಆಗ್ಲಿಲ್ಲ." ಮೇಡಂ ಎನ್ನುವುದು ಯಾವಾಗ ಬಿಟ್ಟುಹೋಯಿತೋ ಅವಳಿಗೇ ತಿಳಿಯಲಿಲ್ಲ. "ಒಂದು ಸ್ಕ್ರೂ ಎಲ್ಲೋ ಉರುಳಿಹೋಗಿತ್ತು. ಡಬ್ಬಿಯಲ್ಲಿ ಇದು ಸಿಕ್ತು. ಇರು, ಗಿಡ್ಡದ್ದು ಹುಡುಕೋಣ ಅಂದ. ನಂಗೆ ಹೊಟ್ಟೆ ಹಸೀತಿತ್ತು. ನಿನ್ನ ಹುಡುಕಾಟ ಮುಗಿಯೋಷ್ಟರಲ್ಲಿ ನಮ್ಮ ಮದುವೆ ವಯಸ್ಸು ದಾಟುತ್ತೆ ಅಂದು ತಿರುಗಿಸಿಬಿಟ್ಟೆ. ಕೊನೇಲಿ ಸ್ವಲ್ಪ ಗಟ್ಟಿಯಾಯ್ತು. ಇನ್ನೂ ಒತ್ತಿದೆ."

"ಆಮೇಲೆ?"

"ಅನ್ನದ ಡಬ್ಬಿ ತರೋಕೆ ಹೋದೆ. ನೀನು ಬರೋಷ್ಟರಲ್ಲಿ ಒಂದ್ಸಲ ಎರಡೂ ಕಡೆ ಏರಿಸಿ ಇಳಿಸಿ ನೋಡಿರ್ತೀನಿ ಅಂದ." ಮೂಗು ಒರೆಸಿಕೊಂಡಳು. "ಬಂದು ಪ್ಲಗ್ ಕಿತ್ತು ಅವನನ್ನ ಎಳೆದೆ, ಎದೆ ಒತ್ತಿದೆ, ಕೂಗಿದೆ. ಆಂಬುಲೆನ್ಸ್ ಬಂತು. ಎಲ್ಲರೂ ಅವನ ಹಿಂದೆ ಓಡಿದ್ರು. ನಾನು ಇಲ್ಲೇ ಉಳಿದೆ. ಆಗಲೇ ಹೊಳೀತು. ಬಿಚ್ಚಿ ನೋಡ್ದೆ. ಸ್ಕ್ರೂ ತಂತಿ ಒಳಗೇ ಹೋಗಿತ್ತು."

"ಅದನ್ನ ತೆಗೆದು, ಮುಚ್ಚಳ ಒರಗಿಸಿ, ಮೊದಲೇ ತೆರೆದಿತ್ತು ಅಂದೆ."

"ಅವರಮ್ಮ ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು, ಕೊನೇ ಘಳಿಗೇಲಿ ನೀನಾದ್ರೂ ಜೊತೇಲಿದ್ಯಲ್ಲ ತಾಯಿ ಅಂದ್ರು ಅಕ್ಕ. ಆ ಕೈಯಲ್ಲೇ ಸ್ಕ್ರೂ ಇತ್ತು."

ಅವಳು ಕೊನೆಗೂ ಕೂತಳು, ಸ್ಟೂಲಿನ ಮೇಲಲ್ಲ, ನೆಲದ ಮೇಲೆ. ಅವಳನ್ನು ಅಳಲು ಬಿಟ್ಟೆ. ಬೇರೆ ಕೇಸಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಲೆಕ್ಕ ಇನ್ನೂ ಸರಿಹೊಂದಿರಲಿಲ್ಲ.

"ಎನ್‌ಛಿ, ಕಣ್ಣೊರೆಸ್ಕೊಂಡು ಸ್ವಲ್ಪ ಯೋಚನೆ ಮಾಡು. ಸ್ಕ್ರೂ ತಂತಿ ಕಚ್ಚಿ ತಗಡಿಗೆ ಕರೆಂಟ್ ಬಂತು, ಸರಿ. ತಗಡಿಗೆ ನೆಲಕ್ಕಿಳಿಯೋ ಅರ್ಥ್ ತಂತಿ ಕಟ್ಟಿದ್ರೆ ಏನಾಗಬೇಕಿತ್ತು?"

ಓದಿದ ಹುಡುಗಿ. ಬಿಕ್ಕುತ್ತಲೇ ಉತ್ತರ ಕೊಟ್ಟಳು. "ಕರೆಂಟ್ ಆ ದಾರೀಲಿ ಇಳಿದು ಫ್ಯೂಸ್ ಹಾರಬೇಕಿತ್ತು." ಹೇಳಿದ ಮೇಲೆ ತಲೆಯೆತ್ತಿದಳು. "ಹಾರಲಿಲ್ಲ."

"ಪ್ಲಗ್‌ನ ಮೂರನೇ ಕಾಲು, ಅರ್ಥಿನದ್ದು, ಮುರಿದಿದ್ರಾ?"

ಹಳೆಯ ಕಟ್ಟಡಗಳಲ್ಲಿ ಸಾಕೆಟ್ಟಿಗೆ ಎರಡೇ ತೂತು. ಮೂರು ಕಾಲಿನ ಪ್ಲಗ್ ತಂದವರು ಇಕ್ಕಳದಿಂದ ಒಂದು ಕಾಲು ಮುರಿದು ಚುಚ್ಚುತ್ತಾರೆ. ಅದನ್ನು ತಪ್ಪೆಂದು ಎಣಿಸುವವರು ನಮ್ಮಲ್ಲಿ ಕಡಿಮೆ.

"ಮುರಿಯೋಕೆ ಅವನು ಬಿಡ್ತಿರಲಿಲ್ಲ. ಇಕ್ಕಳ ಎತ್ತಿದ್ರೆ ಸಾಕು, ನಿನ್ನ ಕಾಲೇ ಮುರೀತೀನಿ ಅಂತಿದ್ದ. ಮೂರು ತೂತಿನ ಸಾಕೆಟ್ ಇಡೀ ಲ್ಯಾಬಲ್ಲಿ ಇದೊಂದೇ. ಅದಕ್ಕೇ ಈ ಬೆಂಚೇ ಬೇಕು ಅಂತ ಹಠ ಹಿಡಿದ."

ನೋಡಿದೆ. ಪ್ಲಗ್‌ನ ಮೂರು ಕಾಲುಗಳೂ ನೆಟ್ಟಗಿದ್ದವು. ಲ್ಯಾಬಿನ ಮುಳ್ಳಿನ ಮೀಟರ್ ತಂದು ಮೂರನೇ ಕಾಲಿಗೂ ಪೆಟ್ಟಿಗೆಯ ತಗಡಿಗೂ ಇಟ್ಟೆ. ಮುಳ್ಳು ಪೂರ್ತಿ ಹೊರಳಿತು. ಅವನು ಕಟ್ಟಿದ ಅರ್ಥ್ ತಂತಿಯಲ್ಲಿ ಕುಂದಿರಲಿಲ್ಲ.

ಉಳಿದದ್ದು ಗೋಡೆ.

ಸಾಕೆಟ್ಟಿನ ಮೇಲಿನ ಎರಡು ತೂತುಗಳಿಗೆ ಮೀಟರಿನ ಕಡ್ಡಿ ಹಾಕಿದೆ. ಮುಳ್ಳು ನಮ್ಮೂರಿನ ನೂರಹತ್ತು ವೋಲ್ಟಿಗೆ ಹೋಗಿ ನಿಂತಿತು. ಒಂದು ಕಡ್ಡಿಯನ್ನು ಕರೆಂಟಿನ ತೂತಿನಲ್ಲೇ ಬಿಟ್ಟು, ಇನ್ನೊಂದನ್ನು ಮೂರನೇ ತೂತಿಗೆ ಹಾಕಿದೆ. ಆಗಲೂ ಅಷ್ಟೇ ತೋರಿಸಬೇಕು.

ಮುಳ್ಳು ಮಲಗಿದ್ದಲ್ಲಿಂದ ಏಳಲಿಲ್ಲ.

ಎನ್‌ಛಿ ಎದ್ದು ನನ್ನ ಪಕ್ಕ ಬಂದು ನಿಂತಿದ್ದಳು. ನಾನು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಕರೆಂಟ್ ತೆಗೆದು ಬಂದು ಸಾಕೆಟ್ಟಿನ ಪ್ಲೇಟಿಗೆ ಸ್ಕ್ರೂ ಡ್ರೈವರ್ ಇಟ್ಟೆ. ಇಟ್ಟ ಕೈ ಹಾಗೇ ನಿಂತಿತು.

ಪ್ಲೇಟಿನ ಸುತ್ತ ಗೋಡೆಯ ಸುಣ್ಣ ಒಡೆದಿತ್ತು. ಕೆಳಗೆ ಬೆಂಚಿನ ಮೇಲೆ ಬಿಳಿ ಹುಡಿ. ಮೊದಲ ದಿನ ನಾವು ತೆಗೆದ ಫೋಟೋವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದೆ. ಅದರಲ್ಲಿ ಬೆಂಚು ಸ್ವಚ್ಛವಾಗಿತ್ತು. ಹುಡುಗ ಸತ್ತ ಮೇಲೆ ಯಾರೋ ಇದನ್ನು ಬಿಚ್ಚಿ ಮತ್ತೆ ಮುಚ್ಚಿದ್ದರು.

"ನೀನಾ?"

"ಇಲ್ಲ ಅಕ್ಕ. ಸಾಕೆಟ್ ಮುಟ್ಟಿಲ್ಲ, ನಮ್ಮಪ್ಪನಾಣೆ."

ಪ್ಲೇಟು ಬಿಚ್ಚಿದೆ. ಹಿಂದೆ ಎರಡು ತಂತಿಗಳಿದ್ದವು, ಒಂದು ಕಪ್ಪು, ಒಂದು ಬಿಳಿ. ಹಸಿರು ತಂತಿ ಕಟ್ಟಬೇಕಾದ ಮೂರನೇ ಸ್ಕ್ರೂ ಬರಿದಾಗಿತ್ತು.

"ಇದನ್ನ ಹಾಕಿದ್ದು ಯಾರು?"

"ಮೇಷ್ಟ್ರು ಎಷ್ಟು ಸಲ ಕೇಳಿದ್ರೂ ಕಾಲೇಜಿಂದ ಆಗ್ಲಿಲ್ಲ. ಹೋದ ಬೇಸಿಗೇಲಿ ಛೆಂಗ್‌ಝೆ ಅವರಪ್ಪನ್ನೇ ಕರ್ಕೊಂಡು ಬಂದ. ಯೂ ಅಂಕಲ್ ಹಾಕಿಕೊಟ್ರು. ಇವನು ಪಕ್ಕದಲ್ಲಿ ನಿಂತು ಸಾಮಾನು ಎತ್ತಿ ಕೊಡ್ತಿದ್ದ."

ನನ್ನ ಕೈಯಲ್ಲಿದ್ದ ಪ್ಲೇಟನ್ನು ಬೆಂಚಿನ ಮೇಲಿಟ್ಟೆ.

"ಅವನು ಹೋದ ಮೇಲೆ ಅಂಕಲ್ ಇಲ್ಲಿಗೆ ಬಂದಿದ್ರಾ?"

"ಪ್ರಾಣ ಹೋದ ಜಾಗದಿಂದ ಅವನ ಆತ್ಮಾನ ಕರ್ಕೊಂಡು ಹೋಗೋಕೆ ಬಂದ್ರಲ್ಲ. ಠಾಣೆಯಿಂದ ಕೀಲಿ ಕೊಟ್ಟಿದ್ರು. ಅರ್ಚಕರು ಗಂಟೆ ಬಾರಿಸಿ ಅವನ ಹೆಸರು ಕೂಗಿದ್ರು. ಬಂದ್ಯಾ ಅಂತ ಕೇಳಿ ಮರದ ಬಿಲ್ಲೆ ಎಸೆದ್ರು. ಎಷ್ಟು ಸಲ ಎಸೆದ್ರೂ ಇಲ್ಲ ಅಂತಲೇ ಬೀಳ್ತಿತ್ತು. ಆಂಟಿ ನೋಡೋಕಾಗದ ಹಾಗೆ ಅತ್ರು. ಆಗ ಅಂಕಲ್ ಎಲ್ಲರನ್ನೂ ಹೊರಗೆ ಹೋಗಿ ಅಂದ್ರು. ನಾನೊಬ್ಬನೇ ಕೇಳ್ತೀನಿ, ನಂಗೆ ಹೇಳ್ತಾನೆ ಅಂದ್ರು."

"ಆಮೇಲೆ?"

"ತುಂಬ ಹೊತ್ತಾದ ಮೇಲೆ ಬಾಗಿಲು ತೆಗೆದು, ಅವನು ಬಂದ, ನಡೀರಿ ಅಂದ್ರು. ಕೈಯೆಲ್ಲ ಸುಣ್ಣ ಆಗಿತ್ತು. ಗೋಡೆ ಹಿಡ್ಕೊಂಡು ಅತ್ತಿರ್ಬೇಕು ಅಂದ್ಕೊಂಡೆ."

ನನ್ನ ಫೋನು ಬಡಿದುಕೊಂಡಿತು. ಹುಡುಗನ ತಾಯಿ.

"ಮೇಡಂ, ಮೀನು ತಂದಿದೀನಿ. ಮುಳ್ಳು ತೆಗೀತಾ ಕೂತಿದೀನಿ. ಏನಾದ್ರೂ ಗೊತ್ತಾಯ್ತಾ? ನಾಳೆ ಅವನಿಗೆ ಹೇಳೋ ಅಂಥದ್ದು?"

"ಅಕ್ಕ, ಆ-ಝೆ ಪೆಟ್ಟಿಗೆ ಒಳಗೆ ಕೈ ಹಾಕಿರಲಿಲ್ಲ. ಪೆಟ್ಟಿಗೆಯನ್ನ ಚೆನ್ನಾಗಿ ಕಟ್ಟಿದ್ದ. ನಾನು ನೋಡಿದೆ."

ಅವಳು ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅಳು, ಬಾಯಿಗೆ ಕೈ ಅಡ್ಡ ಹಿಡಿದ ಅಳು. "ಕೇಳಿಸ್ತಾ, ಅವನ ತಪ್ಪಿಲ್ವಂತೆ," ಎಂದು ಯಾರಿಗೋ ಹೇಳಿದಳು. "ಇರಿ ಮೇಡಂ, ಇವರು ಫೋನ್ ಕೇಳ್ತಿದಾರೆ."

ಹೆಜ್ಜೆಯ ಸದ್ದು. ಒಂದು ಬಾಗಿಲು ಮುಚ್ಚಿದ ಸದ್ದು. ನಾನು ಮೊದಲ ಬಾರಿಗೆ ಆ ಮನುಷ್ಯನ ದನಿ ಕೇಳಿದೆ.

"ಪ್ಲೇಟು ಬಿಚ್ಚಿದ್ರಾ ಮೇಡಂ?"

"ಬಿಚ್ಚಿದೆ ಅಣ್ಣ."

"ನಾನೂ ಬಿಚ್ಚಿದ್ದೆ." ಅವನು ದನಿ ತಗ್ಗಿಸಿದ. "ಹಳೇ ಮನೆಗಳಲ್ಲಿ ಅರ್ಥ್ ತಂತೀನೇ ಇರಲ್ಲ. ಜನಕ್ಕೆ ಮೂರು ತೂತು ಬೇಕು, ನಾವು ಎರಡು ತಂತಿ ಕಟ್ಟಿ ಮುಚ್ಚಿ ಬರ್ತೀವಿ. ವರ್ಷಗಟ್ಟಲೆ ಅದೇ ಮಾಡಿ ಕೈಗೆ ಅದೇ ಅಭ್ಯಾಸ. ಅಲ್ಲಿ ಹಸಿರು ತಂತಿ ಎಳೀಬೇಕು ಅಂತಲೇ ಹೋಗಿದ್ದೆ. ಕತ್ತರಿಸಿ, ಹಿಡ್ಕೊಳೋ ಅಂತ ಅವನ ಕೈಗೆ ಕೊಟ್ಟಿದ್ದು ನೆನಪಿದೆ. ವಾಪಸ್ ಇಸ್ಕೊಂಡು ಕಟ್ಟಿದ್ನೋ ಇಲ್ವೋ, ಎಷ್ಟು ತಲೆ ಕೆಡಿಸ್ಕೊಂಡ್ರೂ ನೆನಪಾಗ್ತಿಲ್ಲ."

"ಅಣ್ಣ..."

"ಮೂರನೇ ಸ್ಕ್ರೂ ಬಿಚ್ಚಿ ನೋಡಿ. ತಂತಿ ಕಚ್ಚಿದ್ರೆ ಅಡಿಯಲ್ಲಿ ಹಿತ್ತಾಳೆ ಮೇಲೆ ಗುರುತು ಉಳಿಯುತ್ತೆ. ಇದ್ರೆ ನಾನು ಕಟ್ಟಿದ್ದೆ, ಆಮೇಲೆ ಯಾರೋ ತೆಗೆದಿದಾರೆ. ಇಲ್ಲಾಂದ್ರೆ ನಾನು ಕಟ್ಟೇ ಇಲ್ಲ. ಅವತ್ತು ಸ್ಕ್ರೂ ಡ್ರೈವರ್ ಇಟ್ಟೆ ಮೇಡಂ. ತಿರುಗಿಸೋಕೆ ಧೈರ್ಯ ಬರಲಿಲ್ಲ. ನೀವು ನೋಡಿ ಹೇಳಿ."

ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಮೂರನೇ ಸ್ಕ್ರೂ ತಿರುಗಿಸಿದೆ. ಸಡಿಲವಾಗಿ ಬಂತು. ಎನ್‌ಛಿ ಕೇಳದೆಯೇ ಟಾರ್ಚ್ ಹಿಡಿದಳು.

ಹಿತ್ತಾಳೆಯ ಮೇಲೆ ತಂತಿಯ ಎಳೆಗಳು ಒತ್ತಿ ಕೂತ ಗುರುತು ಸ್ಪಷ್ಟವಾಗಿತ್ತು. ತಂದೆ ಕಟ್ಟಿದ್ದ.

ಹೇಳಬೇಕೆಂದು ಬಾಯಿ ತೆರೆದೆ. ಆಗ ಎನ್‌ಛಿ ಟಾರ್ಚ್ ಕೆಳಗಿಳಿಸಿದಳು.

"ಅಕ್ಕ," ಎನ್‌ಛಿಯ ದನಿ ಪಿಸುಮಾತಿಗಿಂತ ಸಣ್ಣದಾಗಿತ್ತು. "ಹೋದ ತಿಂಗಳು ನಮ್ಮ ಪೆಟ್ಟಿಗೇಲಿ ಒಂದು ಗುನುಗು ಬರ್ತಿತ್ತು. ಎರಡೂ ಕಡೆ. ಏನ್ ಮಾಡಿದ್ರೂ ಹೋಗ್ತಿರಲಿಲ್ಲ. ಒಂದಿನ ಅವನೊಬ್ಬನೇ ಕೂತು ಸರಿ ಮಾಡ್ದ. ಹೇಗೋ ಅಂದ್ರೆ ಹೇಳ್ಲಿಲ್ಲ. ನಗ್ತಿದ್ದ."

ಕಟ್ಟಡದ ಗುನುಗು ಅರ್ಥ್ ತಂತಿಯ ಮೂಲಕವೇ ಹತ್ತಿ ಬರುವುದುಂಟು. ಆ ತಂತಿಯನ್ನು ಪೂರ್ತಿ ಕಳಚಿ ತೆಗೆದು ನೋಡುವುದು ಲ್ಯಾಬುಗಳ ಹಳೆಯ ಕಳ್ಳದಾರಿ. ನನ್ನ ಓದಿನ ಕಾಲದಲ್ಲೂ ಮಾಡುತ್ತಿದ್ದರು. ನೋಡಿ, ಖಚಿತ ಮಾಡಿಕೊಂಡು, ಮರೆಯದೆ ಮತ್ತೆ ಕಟ್ಟಬೇಕು. ಛೆಂಗ್‌ಝೆ ಮತ್ತೆ ಕಟ್ಟಿರಲಿಲ್ಲ.

ನಾನು ಎನ್‌ಛಿಯನ್ನು ನೋಡಿದೆ. ಅವಳು ತಲೆ ತಗ್ಗಿಸಿದಳು.

ಫೋನಿನ ಆ ಬದಿಯಲ್ಲಿ ಬಾಗಿಲು ತೆರೆದ ಸದ್ದಾಯಿತು. "ಯಾರ್ ತಪ್ಪಂತೆ? ಕೇಳಿದ್ರಾ?" ತಾಯಿಯ ದನಿ, ದೂರದಿಂದ.

"ಮೇಡಂ," ಎಂದ ತಂದೆ. "ಗುರುತು ಇದೆಯಾ?"